ಮಷೀನು ತುಳಿದು ಬೆಕ್ಕು ಕರೆಯುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ ‘ಬುಟ್ಟಿ ಅಕ್ಕ’ ಹೊಲಿಗೆ ಮಷೀನಿನ ಮುಂದೆ ಕೂತಿದ್ದಾರೆ. ಸೂಜಿಯಲ್ಲಿ ದಾರವಿಲ್ಲ, ಕೈಯಲ್ಲಿ ಬಟ್ಟೆಯಿಲ್ಲ. “ಹೊಲಿಯೋಕೆ ನಂಗೆ ಬರಲ್ಲ ಮೇಡಂ, ತುಳಿಯೋಕೆ ಬರುತ್ತೆ” ಎಂದು ಕಣ್ಣು ಮಿಟುಕಿಸುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೇನೆ.

ಬಟ್ಟೆ ಹೊಲಿದು ಬದುಕುತ್ತಿದ್ದ ಅಜ್ಜಿ ಹೋದ ವಾರ ಇಲ್ಲಿ ತೀರಿಕೊಂಡರು, ಒಬ್ಬರೇ ಇದ್ದಾಗ ಎನ್ನುತ್ತಾರೆ ಎಲ್ಲರೂ. ಅಂದಿನಿಂದ ಅವರ ಬೆಕ್ಕು ಯಾರ ಕಣ್ಣಿಗೂ ಬಿದ್ದಿಲ್ಲ. ಅದು ಎಂದೋ ಓಡಿಹೋಗಿದೆ ಎಂದು ಮನೆ ಮಾಲೀಕರ ವಾದ. ಇವತ್ತೇ ಬೀಗ ಜಡಿಯುತ್ತಾರಂತೆ. “ಹಾಗಾದ್ರೆ ನಿನ್ನೆ ಇಟ್ಟ ಹಾಲು ನಾನಾ ಕುಡಿದಿದ್ದು?” ಎನ್ನುತ್ತಾರೆ ಅಕ್ಕ. ಬೀಗ ಬೀಳುವುದರೊಳಗೆ ಈಚೆ ಬರದಿದ್ದರೆ ಬೆಕ್ಕು ಒಳಗೇ ಸಾಯುತ್ತದೆ.

ಒಂಟಿಯಾಗಿದ್ದು ತೀರಿಕೊಂಡವರ ಇಂಥ ಮನೆಗಳನ್ನು ತೊಳೆದು ಒಪ್ಪ ಮಾಡಿ ಕೊಡುವುದು ಅಕ್ಕನ ಕಸುಬು. ಅಲ್ಲಿ ಉಳಿದ ಜೀವಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಸ ಮನೆ ಹುಡುಕುವುದು ಯಾರೂ ಹೇಳದೆ ತಲೆಗೆ ಕಟ್ಟಿಕೊಂಡ ಉಸಾಬರಿ. “ನಾಯಿ ಬಾಗಿಲು ಬಿಟ್ಟು ಕದಲಲ್ಲ. ಬಂದೋರನ್ನೆಲ್ಲ ಮೂಸಿ ನೋಡಿ, ಮತ್ತೆ ಮಲಗುತ್ತೆ. ಗಿಳಿ ತನ್ನ ಪುಕ್ಕ ತಾನೇ ಕಿತ್ಕೊಳ್ಳುತ್ತೆ. ಬೆಕ್ಕು ಅಡಗಿ ಕೂತು ಮನೆ ಸದ್ದು ಕೇಳಿಸ್ಕೊಳ್ತಿರುತ್ತೆ.” ಹೊಸದರಲ್ಲಿ ಅವರೂ ಎಡವಿದ್ದುಂಟು. “ಬಂದ ತಕ್ಷಣ ಫಿನಾಯಿಲ್ ಹಾಕಿ ಒರೆಸಿಬಿಟ್ಟೆ. ಯಜಮಾನರ ವಾಸನೆ ಹೋಯ್ತು, ಬೆಕ್ಕೂ ಕಿಟಕಿ ಹಾರಿ ಹೋಯ್ತು.” ಈಗ ಪ್ರಾಣಿ ಸಿಗುವ ತನಕ ಪೊರಕೆ ಮುಟ್ಟುವುದಿಲ್ಲ. ಮೊದಲು ಕೆಳಮನೆಯ ಬಾಗಿಲು ತಟ್ಟಿ, ಮೇಲಿಂದ ಏನು ಸದ್ದು ಕೇಳುತ್ತಿತ್ತು ಎಂದು ವಿಚಾರಿಸುತ್ತಾರೆ.

ಕೆಳಮನೆಯಾಕೆ ನಿನ್ನೆ ಗೊಣಗಿದ್ದರು: “ಬೆಳಗಾದ್ರೆ ಸಾಕು, ತಲೆ ಮೇಲೆ ಟಕಟಕ ಮಷೀನು. ನಿದ್ದೆಗೆ ಕಲ್ಲು ಹಾಕ್ತಿದ್ರು.”

ಟಕಟಕ ಟಕಟಕ. ಏನೂ ಇಲ್ಲ. ಅಕ್ಕ ನಿಲ್ಲಿಸಿ, ಬೆವರೊರೆಸಿಕೊಂಡು ಮತ್ತೆ ತುಳಿಯುತ್ತಾರೆ. ಬೀರುವಿನ ಹಿಂದೆ ಏನೋ ಸರಿಯುತ್ತದೆ. ಅಗೋ, ಕಂದು ಮೂತಿ! ನಾನು ಕಿರುಚಿಯೇ ಬಿಡುತ್ತಿದ್ದೆ, ಅಕ್ಕ ಕಣ್ಣಲ್ಲೇ ಗದರುತ್ತಾರೆ. ಕಾಲು ಮಾತ್ರ ನಿಲ್ಲುವುದಿಲ್ಲ. ಬೆಕ್ಕು ಹೆಜ್ಜೆ ಹೆಜ್ಜೆಗೂ ನಿಂತು ಬರುತ್ತದೆ, ಛಂಗನೆ ಮಷೀನಿನ ಹಲಗೆಗೆ ಹಾರಿ ಕೂರುತ್ತದೆ. ಅಕ್ಕನ ಮುಖ ನೋಡಿ ಒಮ್ಮೆ ಕೂಗುತ್ತದೆ. ಓಡುವುದಿಲ್ಲ. ಖುಷಿಗೆ ನನ್ನ ಕಣ್ಣು ಒದ್ದೆಯಾಗುತ್ತದೆ.

ಅಷ್ಟರಲ್ಲಿ ಕೆಳಮನೆಯಾಕೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಾರೆ. “ಅಯ್ಯೋ, ಅಜ್ಜೀನೇ ಬಂದ್ರು ಅನ್ಕೊಂಡೆ! ಪಾಪ, ಪ್ರಾಣ ಹೋಗುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ.”

ಅಕ್ಕ ಅಜ್ಜಿಯ ಶಾಲು ಹಾಸಿದ ಬುಟ್ಟಿಗೆ ಬೆಕ್ಕನ್ನು ಇಳಿಸಿ ನನ್ನತ್ತ ತಿರುಗುತ್ತಾರೆ. “ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ ಮೇಡಂ. ಯಾರೂ ಇರಲಿಲ್ಲ ಅಂತ ಮಾತ್ರ ಬರೀಬೇಡಿ. ಇವಳಿದ್ದಳಲ್ಲ.”