ಕತ್ತರಿ ಇನ್ಸ್‌ಪೆಕ್ಟರಿಗೆ ಸನ್ಮಾನ

ಕಳೆದ ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ಒಂದು ಕಲ್ಯಾಣ ಮಂಟಪದಲ್ಲಿ, ಇನ್ನೇನು ಹೊಡೆದಾಟ ಆಗಿಯೇ ಹೋಗುತ್ತದೆ ಅಂದುಕೊಂಡು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದೆ. ಅದೂ ವೇದಿಕೆಯ ಮೇಲೆ, ಶಾಲು ಹೊದ್ದುಕೊಂಡು. (ಅತಿಥಿ ಭಾಷಣಕಾರನಿಗೂ ಒಂದು ಶಾಲು ಕೊಟ್ಟಿದ್ದರು. ಈ ಸೆಕೆಯಲ್ಲಿ ಅದು ಸನ್ಮಾನವೋ ಶಿಕ್ಷೆಯೋ ತಿಳಿಯಲಿಲ್ಲ.)

ಗಾಬರಿಯಾಗಬೇಡಿ, ಸನ್ಮಾನ ನನಗಲ್ಲ. ರಿಟೈರಾದ ಒಬ್ಬ ಪೊಲೀಸ್ ಅಧಿಕಾರಿಗೆ. ಹೆಸರು ಬೇಡ. ಕೋಲಾರ ಜಿಲ್ಲೆಯ ಓದುಗರಿಗೆ ‘ಕತ್ತರಿ ಇನ್ಸ್‌ಪೆಕ್ಟರ್’ ಅಂದರೆ ಸಾಕು, ಮೀಸೆ ಸಮೇತ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಉಳಿದವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಆತ ಲಂಚ ಮುಟ್ಟಿದವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೂರಿನಲ್ಲಿದ್ದಾಗ ಹೆಂಚಿನ ಕಾರ್ಖಾನೆಗಳ ರಸ್ತೆಯಲ್ಲಿ ಹೆಂಗಸರು ಸಂಜೆ ಹೊತ್ತು ಒಬ್ಬರೇ ಓಡಾಡುವಂತೆ ಮಾಡಿದರು. ಶ್ರೀನಿವಾಸಪುರದಲ್ಲಿ ಮಾವಿನ ತೋಪಿಗೆ ನುಗ್ಗಿದ ಕಳ್ಳರ ಮೇಲೆ ಕೇಸು ಹಾಕಲಿಲ್ಲ. ಕದ್ದ ಕಾಯಿಯ ಬುಟ್ಟಿಯನ್ನು ತಲೆಯ ಮೇಲೆ ಹೊರಿಸಿ, ‘ನಾನು ಮಾವಿನಕಾಯಿ ಕಳ್ಳ’ ಅಂತ ಕೂಗಿಸುತ್ತಾ ಮಂಡಿಯ ತುಂಬ ಮೆರವಣಿಗೆ ಮಾಡಿಸಿದರು. ಜನ ಶಿಳ್ಳೆ ಹೊಡೆದರು. ಒಬ್ಬ ವಕೀಲರು ಮಾತ್ರ ಇದ್ಯಾವ ಕಾನೂನು ಅಂತ ಮೇಲಿನವರಿಗೆ ದೂರು ಬರೆದರು. ವರ್ಗಾವಣೆ ಆರ್ಡರ್ ಬಂತು. ಅಂಗಡಿಗಳು ಬಾಗಿಲು ಹಾಕಿದವು, ಜನ ಬಸ್ಸು ತಡೆದರು, ಆರ್ಡರ್ ವಾಪಸ್ ಹೋಯಿತು. ವಕೀಲರ ಕಕ್ಷಿದಾರರೂ ಹೋದರು (ಬೇರೆ ವಕೀಲರ ಹತ್ತಿರಕ್ಕೆ).

ಕೋರ್ಟು ವರ್ಷಗಟ್ಟಲೆ ಎಳೆಯುತ್ತದೆ, ನನ್ನದು ಮಧ್ಯಾಹ್ನದೊಳಗೆ ಮುಗಿಯುತ್ತದೆ ಅನ್ನುವುದು ಅವರ ಮಾತು. ಯಾರಿಗೆ ತಾನೇ ಇಷ್ಟವಾಗುವುದಿಲ್ಲ ಹೇಳಿ?

ಹತ್ತು ವರ್ಷದ ಹಿಂದೆ ಅವರು ಮುಳಬಾಗಿಲಿಗೆ ಬಂದಾಗ ಇನ್ನೂ ಬೆಲ್‌ಬಾಟಂ ಮತ್ತು ಸ್ಟೆಪ್ ಕಟ್ ಕಾಲ. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹೆಣ್ಣುಮಕ್ಕಳನ್ನು ಚುಡಾಯಿಸುತ್ತಾರೆ ಅಂತ ದೂರು ಬಂತು. ಇನ್ಸ್‌ಪೆಕ್ಟರ್ ಸಂತೆಯ ದಿನ ಬಸ್ ಸ್ಟ್ಯಾಂಡಿನ ಎದುರು ಒಂದು ಕುರ್ಚಿ ಹಾಕಿಸಿ, ಒಬ್ಬ ಕ್ಷೌರಿಕನನ್ನು ಕರೆಸಿದರು. ಕಾಲರ್ ಮುಟ್ಟುವ ಕೂದಲಿದ್ದವನನ್ನು ಹಿಡಿ, ಕೂರಿಸು, ಕತ್ತರಿಸು. ಸಂತೆಗೆ ಬಂದವರಿಗೆ ಪುಕ್ಕಟೆ ಮನರಂಜನೆ.

ನಮ್ಮ ಕಡೆಯ ಹುಡುಗರೇನು ಕಡಿಮೆಯವರೇ? ತಿರುಪತಿ ಬೆಟ್ಟ ಇಲ್ಲಿಂದ ಎಷ್ಟು ದೂರ? ಮನೆಮನೆಯಲ್ಲೂ ಬೆಟ್ಟದ ದೇವರಿಗೆ ಮುಡಿ ಕೊಡುವ ಹರಕೆ ಹೊತ್ತವರಿರುತ್ತಾರೆ. ಹರಕೆ ತೀರುವ ತನಕ ತಲೆಗೆ, ಗಡ್ಡಕ್ಕೆ ಕತ್ತರಿ ಮುಟ್ಟಿಸುವ ಹಾಗಿಲ್ಲ. ಹುಡುಗರು ಅದನ್ನೇ ಹಿಡಿದುಕೊಂಡರು. ಕುರ್ಚಿಯ ಹತ್ತಿರ ಎಳೆದೊಯ್ದರೆ ಸಾಕು, ಪ್ರತಿಯೊಬ್ಬನೂ ಮುಡುಪು ಸಾರ್, ಬೆಟ್ಟಕ್ಕೆ ಸಾರ್. (ಸ್ಟೆಪ್ ಕಟ್ ಮಾಡಿಸಿಕೊಂಡ ತಲೆ ಮುಡುಪಿಗೆ ಹೇಗಾಗುತ್ತದೆ ಅಂತ ದೇವರೇ ಹೇಳಬೇಕು.) ಇನ್ಸ್‌ಪೆಕ್ಟರ್ ದೈವಭಕ್ತರು. ನಂಬಿ ಬಿಟ್ಟುಬಿಟ್ಟರು. ಮುಂದಿನ ವಾರ ಅದೇ ಹುಡುಗರು ತಲೆಗೆ ಎಣ್ಣೆ ಹಾಕಿ ಬಾಚಿ, ಟಾಕೀಸಿನ ಮುಂದೆ ನಿಂತು ಇವರ ನಡಿಗೆಯನ್ನು ಅಣಕಿಸಿದರು. ಊರೆಲ್ಲ ನಕ್ಕಿತು. ಇನ್ಸ್‌ಪೆಕ್ಟರಿಗೆ ಉರಿದುಹೋಯಿತು. ಇನ್ನು ಮುಡುಪು ಅನ್ನುವ ಮಾತನ್ನು ಕಿವಿಗೇ ಹಾಕಿಕೊಳ್ಳಬೇಡಿ ಅಂತ ಹುಕುಂ ಆಯಿತು.

ಹುಕುಂ ಆದ ಮೊದಲ ಸಂತೆಯಲ್ಲೇ ಬೈರಕೂರಿನ ರೈತ ಮುನಿಸ್ವಾಮಿ ಹುರುಳಿಕಾಯಿ ಮೂಟೆ ಇಳಿಸಿ, ಊರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದ.

ನಾನಾಗ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಕೋಲಾರದ ಬಸ್ಸಿಗೆ ನಿಂತಿದ್ದೆ, ಕಣ್ಣಾರೆ ನೋಡಿದ್ದು. ಭುಜದ ತನಕ ಕೂದಲು, ಎದೆಗೆ ಇಳಿದ ಗಡ್ಡ, ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್. ಬೆಲ್‌ಬಾಟಂ ಎಲ್ಲಿ, ಇವನೆಲ್ಲಿ? ಕಾನ್ಸ್‌ಟೇಬಲ್‌ಗಳು ಎಳೆದು ಕುರ್ಚಿಗೆ ಕೂರಿಸಿದರು. ಹೆಂಡತಿಗೆ ದಿನ ತುಂಬುತ್ತಿದೆ, ಹಿಂದಿನ ಕೂಸುಗಳು ಉಳಿಯಲಿಲ್ಲ, ಇದೊಂದು ಬದುಕಿದರೆ ಬೆಟ್ಟದಲ್ಲಿ ಮುಡಿ ಕೊಡುತ್ತೇನೆ ಅಂತ ಹೊತ್ತುಕೊಂಡಿದ್ದೇನೆ ಅಂತ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬೇಡಿಕೊಂಡ. ಕೊನೆಗೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

‘ದೇವುಡಿದಿ ಸಾರ್. ದೇವರದ್ದು ಇದು, ನಂದಲ್ಲ.’

‘ಎಲ್ಲರೂ ಅದನ್ನೇ ಹೇಳ್ತೀರಲ್ಲೋ’ ಅಂದರು ಇನ್ಸ್‌ಪೆಕ್ಟರ್. ಕೈ ಬಿಡಿಸಿದರು. ಕತ್ತರಿ ಆಡಿತು.

ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ಮುನಿಸ್ವಾಮಿ ಎದ್ದ. ಬೈಯಲಿಲ್ಲ, ಅಳಲಿಲ್ಲ. ಟವೆಲನ್ನು ರಸ್ತೆಯ ಮೇಲೆ ಹಾಸಿ, ಮಂಡಿಯೂರಿ ಕೂತು, ಕೂದಲನ್ನು ದೂಳು ಕೊಡವಿ ಕೊಡವಿ ಅದರೊಳಗೆ ಆರಿಸಿ ಹಾಕತೊಡಗಿದ. ಚಪ್ಪಾಳೆ ತಾನಾಗಿ ನಿಂತಿತು. ಸೊಪ್ಪು ಮಾರುವ ಮುದುಕಿಯೊಬ್ಬಳು ‘ನಿಜವಾದ್ದೇ ಕಣ್ರೋ’ ಅಂದಳು, ಮೆಲ್ಲಗೆ. ಇನ್ಸ್‌ಪೆಕ್ಟರ್ ಅಲ್ಲಿ ನಿಲ್ಲದೆ ಜೀಪು ಹತ್ತಿದರು.

ಆಮೇಲಿನ ವಾರಗಳನ್ನು ಹೇಗೆ ಹೇಳಲಿ? ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಬೈರಕೂರಿನ ಬಸ್ಸು ಬಂದರೆ ಕಂಡಕ್ಟರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಹೆರಿಗೆ ಆಯ್ತಾ? ಕೂದಲಿಗೂ ಕೂಸಿಗೂ ಏನ್ರೀ ಸಂಬಂಧ ಅಂತ ನಾನು ಸ್ಟಾಫ್ ರೂಮಿನಲ್ಲಿ ದೊಡ್ಡದಾಗಿ ವಾದ ಮಾಡುತ್ತಿದ್ದೆ. ಸಂಜೆ ನಾನೂ ಹೋಗಿ ಆ ಬಸ್ಸಿಗೆ ಕಾಯುತ್ತಿದ್ದೆ! ಸಂತೆಯಲ್ಲಿ ಕುರ್ಚಿ ಮತ್ತೆ ಕಾಣಿಸಲಿಲ್ಲ. ಇನ್ಸ್‌ಪೆಕ್ಟರ್ ಕೂಡ ಮಫ್ತಿಯಲ್ಲಿ ಆಳು ಕಳಿಸಿ ವಿಚಾರಿಸುತ್ತಿದ್ದಾರೆ ಅನ್ನುವ ಸುದ್ದಿ ಇತ್ತು.

ಹೆಣ್ಣು ಮಗು ಹುಟ್ಟಿತು. ಬದುಕಿತು. ಮುನಿಸ್ವಾಮಿ ಟವೆಲಿನ ಗಂಟನ್ನು ಹೊತ್ತುಕೊಂಡೇ ಬೆಟ್ಟ ಹತ್ತಿ ಬಂದನಂತೆ. ಊರು ನಿಟ್ಟುಸಿರು ಬಿಟ್ಟು, ಮರೆತುಬಿಟ್ಟಿತು. ಮಗು ಚೆನ್ನಾಗಿದೆ ಅಂದ ಮೇಲೆ ಇನ್ನೇನು ಉಳಿಯಿತು, ಅಲ್ಲವೇ?

ಈಗ ಭಾನುವಾರಕ್ಕೆ ಬರೋಣ.

ಆ ಕುರ್ಚಿ ಹಾಕಿದ್ದ ಜಾಗಕ್ಕೂ ಈ ಕಲ್ಯಾಣ ಮಂಟಪಕ್ಕೂ ಕೂಗಳತೆ ದೂರ. ಹಾಲ್ ಭರ್ತಿ. ಹೊಗಳಿಕೆಯೆಲ್ಲ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಮಾತಾಡಲು ನಿಂತರು. ಮೀಸೆ ಬೆಳ್ಳಗಾಗಿದೆ, ಗಂಟಲು ಹಾಗೇ ಇದೆ. ನನ್ನ ಸರ್ವೀಸಿನಲ್ಲಿ ನಿರಪರಾಧಿ ಒಬ್ಬನ ಮೇಲೂ ನನ್ನ ಕೈ ಬಿದ್ದಿಲ್ಲ ಅಂದರು. ಚಪ್ಪಾಳೆಯೋ ಚಪ್ಪಾಳೆ.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಚಪ್ಪಾಳೆ ಮುಗಿದರೂ ಕೂರಲಿಲ್ಲ. ನಡುವಿನ ದಾರಿಯಲ್ಲಿ ಸೀದಾ ವೇದಿಕೆಯ ಕಡೆಗೆ ನಡೆದು ಬಂದ. ಗೋಡೆಗೆ ಒರಗಿದ್ದ ಕಾನ್ಸ್‌ಟೇಬಲ್‌ಗಳು ನೆಟ್ಟಗಾದರು. ಸನ್ಮಾನ ಸಮಿತಿಯ ಹುಡುಗರು ತೋಳು ಮಡಿಸಿಕೊಂಡು ಮೆಟ್ಟಿಲಿಗೆ ಅಡ್ಡ ನಿಂತರು. ಹೆಗಲ ಮೇಲಿನ ಟವೆಲ್ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು.

ಬಿಡಿ ಅಂತ ಇನ್ಸ್‌ಪೆಕ್ಟರೇ ಸನ್ನೆ ಮಾಡಿದರು. ಆತ ಮೇಲೆ ಬಂದು, ಕೈ ಮುಗಿದು, ಮೈಕನ್ನು ತೋರಿಸಿದ.

‘ಬೈರಕೂರಿನ ಮುನಿಸ್ವಾಮಿ ಸಾರ್. ಆವತ್ತು ನಂದೇನೂ ತಪ್ಪಿರ್ಲಿಲ್ಲ ಅಂತ ಇದ್ರಲ್ಲಿ ಒಂದು ಮಾತು ಹೇಳ್ಬಿಡಿ. ಹೋಗ್ತೀನಿ.’

ಸಮಿತಿಯ ಅಧ್ಯಕ್ಷರು ನಡುವೆ ಬಂದರು. ಮಗು ಚೆನ್ನಾಗಿದೆಯಲ್ಲಪ್ಪ, ಹಳೇದನ್ನು ಯಾಕೆ ಕೆದಕುತ್ತೀಯ ಅಂತ ಸಮಾಧಾನ ಹೇಳಿದರು.

‘ಮಗೂನ ದೇವರು ನೋಡ್ಕೊಂಡ. ನಾನು ನನ್ನ ವಿಷಯ ಕೇಳ್ತಿರೋದು.’

ಆಮೇಲೆ ಆತ ಹೇಳಿದ್ದು ಇಷ್ಟು. ಬೈರಕೂರಿನಲ್ಲಿ ಮುನಿಸ್ವಾಮಿಗಳು ಬೇಕಾದಷ್ಟು ಜನ ಇದ್ದಾರೆ. ಪೊಲೀಸರು ಹಿಡಿದ ಮೇಲೆ ಈತ ‘ಸ್ಟೇಷನ್ ಮುನಿಸ್ವಾಮಿ’ ಆದ. ಹರಕೆಯೇನೋ ನಿಜ, ಆದರೆ ಆ ಕುರ್ಚಿಗೆ ಕೂರಿಸುತ್ತಿದ್ದುದು ಹೆಣ್ಣುಮಕ್ಕಳನ್ನು ಚುಡಾಯಿಸಿದವರನ್ನಲ್ಲವೇ, ಪೊಲೀಸರು ಸುಮ್ಮನೆ ಹಿಡಿಯುತ್ತಾರಾ ಅಂತ ಜನ ಮಾತಾಡಿಕೊಂಡರು. ಈಗಲೂ ಮಾತಾಡಿಕೊಳ್ಳುತ್ತಾರೆ. ಮಗಳು ಶಾಲೆಗೆ ಹೋಗುತ್ತಾಳೆ. ಚುಡಾಯಿಸೋದು ಅಂದರೆ ಏನಪ್ಪ ಅಂತ ಮೊನ್ನೆ ಬಂದು ಕೇಳಿದಳಂತೆ.

ಇನ್ಸ್‌ಪೆಕ್ಟರ್ ಬೆವರು ಒರೆಸಿಕೊಂಡರು. ಒಮ್ಮೆ ಜನರ ಕಡೆ ನೋಡಿದರು, ಒಮ್ಮೆ ಕೊರಳಿನ ಹಾರ ನೋಡಿಕೊಂಡರು. ಆಮೇಲೆ ಅಂಗೈಯಿಂದ ಮೈಕನ್ನು ಮುಚ್ಚಿ, ಮುಂದಕ್ಕೆ ಬಾಗಿದರು.

‘ನಿಂದೇನೂ ತಪ್ಪಿರ್ಲಿಲ್ಲ ಮುನಿಸ್ವಾಮಿ. ತಪ್ಪು ನಂದೇ.’

ಪಕ್ಕದ ಕುರ್ಚಿಯಲ್ಲಿದ್ದ ನನಗೆ ಕೇಳಿಸಿತು. ಅಧ್ಯಕ್ಷರಿಗೆ ಕೇಳಿಸಿತು. ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ.

‘ಕೈ ತೆಗೀರಿ ಸಾರ್’ ಅಂದ ಮುನಿಸ್ವಾಮಿ.

ಆ ಕೈ ಮೈಕಿನ ಮೇಲಿಂದ ಏಳಲಿಲ್ಲ. ಯಾರಿಗೂ ಹೆದರದ ಆ ಮನುಷ್ಯ ಅಷ್ಟು ಹೆದರಿದ್ದನ್ನು ನೋಡಿ, ಸುಳ್ಳೇಕೆ, ನನಗೆ ಪಾಪ ಅನ್ನಿಸಿತು. ಮರುಕ್ಷಣವೇ ಸಿಟ್ಟೂ ಬಂತು. ಕತ್ತರಿಸಿದ್ದು ಇಡೀ ಸಂತೆಯ ಮುಂದೆ, ತಪ್ಪೊಪ್ಪಿಕೊಂಡಿದ್ದು ಅಂಗೈ ಮರೆಯಲ್ಲಿ!

ಅಧ್ಯಕ್ಷರು ವಾಲಗದವರಿಗೆ ಕೈ ಬೀಸಿದರು. ವಾಲಗ ಜೋರಾಗಿ ಶುರುವಾಯಿತು. ಮುನಿಸ್ವಾಮಿ ಬಂದ ದಾರಿಯಲ್ಲೇ ಮೆಟ್ಟಿಲಿಳಿದು ಹೊರಟುಹೋದ. ನನ್ನ ಭಾಷಣವನ್ನು ಟೈಮಾಯಿತು ಅಂತ ಕೈಬಿಟ್ಟು ನೇರ ಊಟಕ್ಕೆ ಎಬ್ಬಿಸಿದರು. ಹೋಳಿಗೆ ಇತ್ತು. ಎಲೆಯಲ್ಲೇ ಬಿಟ್ಟು ಎದ್ದೆ.

ಹಾಗಾಗಿ ನನಗೆ ಕೊಟ್ಟಿದ್ದ ಐದು ನಿಮಿಷ ಹಾಗೇ ಉಳಿದಿದೆ. ಅದನ್ನು ಇಲ್ಲಿ ಬಳಸಿಕೊಳ್ಳುತ್ತೇನೆ. ಆವತ್ತು ಮುನಿಸ್ವಾಮಿಯದು ಏನೂ ತಪ್ಪಿರಲಿಲ್ಲ. ಕತ್ತರಿ ಆಡಿಸಿದವರೇ ಹೇಳಿದ್ದು, ನಾನು ಪಕ್ಕದಲ್ಲೇ ಕೂತು ಕೇಳಿದ್ದು.

ಬೈರಕೂರಿನ ಓದುಗರೇ, ನಿಮ್ಮೂರ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಇದಿಷ್ಟನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತೀರಾ?