ಆಟೊ ತುಂಬುವವರೆಗೆ

ಶಹಾಪುರದಿಂದ ಗೋಗಿಗೆ ಹೋಗುವ ಆಟೊ ಸೀಟು ತುಂಬದೆ ಹೊರಡುವುದಿಲ್ಲ. ಸಂಜೆಯಾದರೆ ಅದು ನಿಲ್ಲುವುದು ಮದ್ಯದಂಗಡಿಯ ಎದುರಿಗೆ. ಕೊನೆಯ ಗಿರಾಕಿಗಳು ಅಲ್ಲಿಂದಲೇ ಬರುತ್ತಾರೆ. ಯಾದಗಿರಿಯ ವ್ಯಸನಮುಕ್ತಿ ಕೇಂದ್ರದಿಂದ ನನ್ನನ್ನು ಬಿಡಿಸಿಕೊಂಡು ಗೋಗಿಯ ತನ್ನ ಮನೆಗೆ ಹೊರಟಿದ್ದ ಅಕ್ಕನಿಗೂ ಇದು ಗೊತ್ತಿತ್ತು. ಆದರೆ ಬಸ್ಸು ತಪ್ಪಿತ್ತು.

ಸುರಪುರದ ತವರಿನಲ್ಲಿದ್ದ ನನ್ನ ಹೆಂಡತಿ ಮಗಳೊಂದಿಗೆ ಅಂದು ಅಕ್ಕನ ಮನೆಗೆ ಬಂದಿದ್ದಳು. ನಾನು ಕುಡಿಯದೆ ಬಂದರೆ ಮುಂದಿನ ಮಾತು. ಕುಡಿದು ಬಂದರೆ ಬೆಳಗಿನ ಬಸ್ಸಿಗೆ ಮರಳಿ ಸುರಪುರ, ಮತ್ತೆಂದೂ ಮಾತಿಲ್ಲ. ಅವಳು ಹೇಳಿ ಕಳಿಸಿದ್ದು ಇಷ್ಟೇ.

“ಇನ್ನಾ ಇಬ್ಬರು ಬರಬೇಕ್ರಿ ಅಕ್ಕೋರ. ಒಳಗ ಕುಂತಾರ,” ಎಂದ ಚಾಲಕ.

“ಅವರು ಮುಗಿಸೂತನ ನಾವ್ ಮುಗದ ಹೋಗ್ತೀವಿ. ಅವರ ಬಾಡಿಗಿ ನಾ ಕೊಡ್ತೀನಿ, ನಡಿಯಪ್ಪ.”

“ದಿನಾ ಬರೋ ಮಂದಿರಿ. ಇವತ್ತು ಬಿಟ್ಟು ಹೋದ್ರ ನಾಳಿಗಿ ನನ್ನ ಆಟೊ ಹತ್ತಂಗಿಲ್ಲ.”

ಅಕ್ಕ ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು. ನನ್ನ ಕಣ್ಣು ಆಗಲೇ ಅಂಗಡಿಯ ಬಾಗಿಲಿಗೆ ಹೋಗಿತ್ತು.

ವಾದ ನನಗೆ ಕಾಲೇಜಿನಲ್ಲಿ ಒಲಿದ ವಿದ್ಯೆ. ಪಾನನಿಷೇಧದ ಪರವಾಗಿ ಊರೂರು ತಿರುಗಿ ಭಾಷಣ ಮಾಡಿದ್ದೇನೆ. ಕುಡಿಯುತ್ತಿದ್ದ ವರ್ಷಗಳಲ್ಲಿಯೂ, ಪ್ರತಿಯೊಂದು ಮಾತನ್ನು ನಂಬಿಯೇ. ಕುಡಿಯುವ ಆಸೆ ಎದ್ದಾಗಲೂ ಅದರೊಂದಿಗೆ ಹಾಗೆಯೇ ವಾದಿಸುತ್ತಿದ್ದೆ. ಪ್ರತಿ ಸಲ ಗೆಲ್ಲುತ್ತಿದ್ದೆ, ಗೆದ್ದ ಮೇಲೆ ಕುಡಿಯುತ್ತಿದ್ದೆ. ಸೋಲುವ ಭಯದಲ್ಲೇ ವಾದಿಸುವವನಿಗೆ ಆ ಭಯವನ್ನು ಮುಗಿಸಲು ಕುಡಿಯುವುದೊಂದೇ ದಾರಿಯಾಗಿ ಕಾಣುತ್ತದೆ.

ಆ ಸಂಜೆ ಆಸೆ ಹೇಳಿತು: ಹೇಗೂ ಹೆಂಡತಿ ನಿನ್ನನ್ನು ಬಿಟ್ಟುಹೋಗುವವಳೇ, ಒಂದು ಕ್ವಾರ್ಟರಿನಿಂದ ಏನು ಬದಲಾದೀತು?

ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟು ಹುಡುಕಿದರೂ ಒಂದು ವಾಕ್ಯ ಸಿಗಲಿಲ್ಲ. ಇನ್ನು ಮುಗಿಯಿತು, ಇಳಿದೇಬಿಡುತ್ತೇನೆ ಅನ್ನಿಸಿತು. ಆದರೆ ಉತ್ತರವಿಲ್ಲದೆಯೂ ನಾನು ಕೂತೇ ಇದ್ದೆ.

“ಅಕ್ಕಾ, ಕುಡೀಬೇಕು ಅನಸಾಕತ್ತದ.”

“ಆ ಕಡಿ ನೋಡಬ್ಯಾಡೋ ತಮ್ಮಾ!”

“ನೋಡ್ತೀನಿ. ನೀ ಕೈ ಬಿಡು. ನೀ ಹಿಡದಷ್ಟೂ ನನಗ ಹೆದರಿಕಿ ಹೆಚ್ಚಾಗ್ತದ.”

ಅವಳು ಕೈ ಬಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಂಗಡಿಯ ಬಾಗಿಲನ್ನೇ ನೋಡುತ್ತ ಕೂತೆ. ಆಸೆ ಕಡಿಮೆಯಾಗಲಿಲ್ಲ. ನಾನೂ ಅದನ್ನು ತಡೆಯಲು ಹೋಗಲಿಲ್ಲ.

ಕೊನೆಗೆ ಆ ಇಬ್ಬರು ತೂರಾಡುತ್ತ ಬಂದರು. ಒಬ್ಬ ನನ್ನ ಗುರುತು ಹಿಡಿದ.

“ಏನ್ರೀ ಭಾಷಣದ ಸಾಹೇಬ್ರ, ಹೊರಗ ಕುಂತು ಯಾರಿಗಿ ಬುದ್ಧಿ ಹೇಳಾಕತ್ತೀರಿ? ಒಳಗ ನಿಮ್ಮ ಕುರ್ಚಿ ಖಾಲಿ ಅದ!”

ನಗುತ್ತಲೇ ನನಗೆ ಒತ್ತಿಕೊಂಡು ಕೂತ. ದಾರಿಯುದ್ದಕ್ಕೂ ಅವನ ತಲೆ ನನ್ನ ಹೆಗಲ ಮೇಲೆ ತೂಗಿತು.

ಅಕ್ಕನ ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎರಡು ಹೆಜ್ಜೆ ಹತ್ತಿರ ಬಂದವಳ ಮುಖ ಕಲ್ಲಾಯಿತು. ನನ್ನ ಅಂಗಿಯಿಂದ ಸಾರಾಯಿಯ ವಾಸನೆ ಹೊಡೆಯುತ್ತಿತ್ತು. ಅಕ್ಕ ಏನೋ ಹೇಳಹೋದಳು, ನಾನು ತಡೆದೆ. ಸಮರ್ಥನೆ ಬೇಕಾಗಿರಲಿಲ್ಲ. ಹೆಂಡತಿಯ ಎದುರು ನಿಂತು, ಬಾಯಿ ತೆರೆದು, ಉಸಿರು ಬಿಟ್ಟೆ.

“ಕುಡದಿಲ್ಲ,” ಎಂದೆ. “ಕುಡೀಬೇಕು ಅನ್ನೂದು ಮಾತ್ರ ಈಗ್ಲೂ ಅದ.”

ಅವಳು ಮುಂದೆ ಬಾಗಿ ನನ್ನ ಉಸಿರನ್ನು ಮೂಸಿದಳು. ಆಮೇಲೆ ಬಾಗಿಲಿನಿಂದ ಸರಿದು ನಿಂತಳು.

“ಮದ್ಲ ಆ ಅಂಗಿ ತಗೀರಿ. ಕೂಸು ಓಡಿ ಬಂದು ಅಪ್ಪಿಕೊಳ್ತದ.”