ದೊಡ್ಡಿಯ ಕುದುರೆಗೆ ಅಕ್ಕಚ್ಚು

ಐದೂವರೆಗೆ ಎದ್ದು ಅಂಗಳ ಗುಡಿಸಿದ್ದು. ಅವಲಕ್ಕಿಗೆ ಒಗ್ಗರಣೆ ಹಾಕಿದ್ದು. ಅತ್ತೆಯ ಬಿಪಿ ಮಾತ್ರೆ ತೆಗೆದಿಟ್ಟದ್ದು. ಗ್ಯಾಸ್ ಬುಕ್ ಮಾಡಿ ಅಂತ ಇವರಿಗೆ ಎರಡನೇ ಸಲ ಹೇಳಿದ್ದು. ತೌಡು, ಅಕ್ಕಿ ತೊಳೆದ ನೀರು, ಮಿಕ್ಕಿದ ಅನ್ನ ಕಲಸಿ ಹಾಲಿನ ಕ್ಯಾನಿನಲ್ಲಿ ಅಕ್ಕಚ್ಚು ತುಂಬಿಸಿದ್ದು. ಎಂಟು ಗಂಟೆಗೆ ಮಣಿಪಾಲದಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು, ಕಾಪುವಿನ ಬಸ್ಸಿಗೆ ಕಾದದ್ದು.

ಆ ವರ್ಷಗಳಲ್ಲಿ ನಾವು ಏಳೆಂಟು ಹೆಂಗಸರು ಪ್ರಾಣಿದಯೆಯ ಒಂದು ಸಣ್ಣ ಸಂಘ ನಡೆಸುತ್ತಿದ್ದೆವು. ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಯಲ್ಲಿ ಹರಾಜು ಇದ್ದಾಗ ನಮ್ಮಲ್ಲಿ ಒಬ್ಬಳು ಹೋಗಿ ನಿಲ್ಲಬೇಕು. ನೀರು ಇಟ್ಟಿದ್ದಾರಾ, ನೆರಳು ಉಂಟಾ, ಬಾಲ ತಿರುಚುತ್ತಾರಾ, ಕಾಲು ಕಟ್ಟಿ ಗಾಡಿಗೆ ಎಸೆಯುತ್ತಾರಾ, ಎಲ್ಲ ನೋಡಿ ಬರೆದುಕೊಳ್ಳಬೇಕು. ಬರೆಯುವ ಅಭ್ಯಾಸ ನನಗೆ ಮೊದಲಿನಿಂದ ಇದ್ದದ್ದರಿಂದ ಹೆಚ್ಚಾಗಿ ನನ್ನನ್ನೇ ಕಳಿಸುತ್ತಿದ್ದರು.

ಆ ಸಲ ಕಾಪುವಿನ ದೊಡ್ಡಿಯಲ್ಲಿ ಇದ್ದದ್ದು ಒಂದು ಕುದುರೆ. ಕಡಲ ತೀರದಲ್ಲಿ ಮಕ್ಕಳನ್ನು ಕೂರಿಸಿ ಸವಾರಿ ಮಾಡಿಸುತ್ತಿದ್ದವನು ಮೇ ತಿಂಗಳ ಕೊನೆಗೆ ಅದನ್ನು ಬಿಟ್ಟೇ ಹೋಗಿದ್ದ. ನೋಟೀಸು ಹಚ್ಚಿದರೂ ಯಾರೂ ಬರಲಿಲ್ಲ. ಮಾಸಲು ಬಿಳಿ ಬಣ್ಣ, ಪಕ್ಕೆಲುಬು ಎಣಿಸಬಹುದು. ಮೂರು ದಿನ ಮೊದಲು ನೋಡಿದಾಗಲೇ ನನಗೆ ತಡೆಯಲಾಗಲಿಲ್ಲ. ದೊಡ್ಡಿ ಕಾಯುವ ಮುದುಕರಿಗೆ ಹೇಳಿದೆ: "ಬರೀ ಹುಲ್ಲು ಸಾಲದು. ಅಕ್ಕಚ್ಚು ಕೊಡಿ, ತೊಳೆ ಬಿಡಿಸಿ ಉಳಿದ ಹಲಸಿನ ರೆಚ್ಚೆ ಕೊಡಿ." ನಮ್ಮ ಕಡೆ ಬಡಕಲು ದನಕ್ಕೆ ಇದಕ್ಕಿಂತ ದೊಡ್ಡ ಉಪಚಾರ ಇಲ್ಲ. ಅವರು ಅಕ್ಕಪಕ್ಕದ ಮನೆಗಳಿಂದ ತಂದು, ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದರು.

ಒಂಬತ್ತೂವರೆಗೆ ನಾನು ಕ್ಯಾನು ಹಿಡಿದು ಒಳಗೆ ಹೋದಾಗ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು.

"ನಿಮ್ಮನ್ನು ಕಂಡು ಖುಷಿ ಅಕ್ಕ ಅದಕ್ಕೆ," ಅಂದರು ಮುದುಕರು.

ಮರುಗಳಿಗೆಯಲ್ಲಿ ಅದು ಮಂಡಿಯೂರಿ ಮಲಗಿ ಹೊರಳತೊಡಗಿತು. ದೊಡ್ಡಿಯ ಗೋಡೆಗೆ ಕಲ್ಲು ಕಟ್ಟುತ್ತಿದ್ದ ಗದಗದ ಕಡೆಯ ಮೇಸ್ತ್ರಿ ಕರಣಿ ಬಿಟ್ಟು ಓಡಿ ಬಂದ.

"ಅಕ್ಕಾರ, ಏನ್ ಹಾಕೀರಿ ಇದಕ್ಕ?"

ಹೇಳಿದೆ.

"ಅದೇನ್ ಆಕಳೇನ್ರಿ? ಒಂದೇ ಹೊಟ್ಟಿ ಅದಕ್ಕ. ವಾಂತಿ ಮಾಡಾಕೂ ಬರಂಗಿಲ್ಲ. ನಮ್ಮಪ್ಪ ಟಾಂಗಾ ಹೊಡಿತಿದ್ದ, ಹಿಂಗ ಒಂದು ಸತ್ತೈತಿ. ಎಬ್ಬಿಸ್ರಿ, ನಡಸ್ರಿ."

ಕೈಯಲ್ಲಿದ್ದ ಕ್ಯಾನು ಎಲ್ಲಿ ಇಡುವುದೆಂದು ನನಗೆ ತಿಳಿಯಲಿಲ್ಲ. ಹೊರಗೆ ಹೋಗಿ ಗಟಾರಕ್ಕೆ ಸುರಿದು ಬಂದೆ.

ಹನ್ನೊಂದಕ್ಕೆ ಹರಾಜು ಕೂಗುವ ಗುಮಾಸ್ತರು ಬಂದರು. ಟೆಂಪೋ ತಂದಿದ್ದ ವ್ಯಾಪಾರಿಯೂ ಬಂದ. ಕುದುರೆಯ ಸ್ಥಿತಿ ನೋಡಿದರೂ ಅವನಿಗೆ ಚಿಂತೆ ಇಲ್ಲ. "ಹೇಗಿದೆಯೋ ಹಾಗೇ ಕೊಡಿ. ಕಾಲು ಕಟ್ಟಿ ಮಲಗಿಸಿ ಒಯ್ಯುತ್ತೇನೆ."

"ಕಾಯಿಲೆ ಬಿದ್ದದ್ದನ್ನು ಹರಾಜು ಹಾಕುವ ಹಾಗಿಲ್ಲ," ಅಂದೆ.

ಅವನು ನನ್ನ ಖಾಲಿ ಕ್ಯಾನು ನೋಡಿ ನಕ್ಕ. "ಅಮ್ಮ, ನೀವು ದಯೆ ನೋಡ್ಲಿಕ್ಕೆ ಬಂದದ್ದಾ, ಸಮಾರಾಧನೆ ಮಾಡ್ಲಿಕ್ಕೆ ಬಂದದ್ದಾ?"

ಗುಮಾಸ್ತರು ಪೆನ್ನು ತೆಗೆದರು. "ಮುಂದೂಡಬಹುದು. ಕಾರಣ ಬರೆಯಬೇಕು. ಮೇವು ಕೊಟ್ಟದ್ದು ಯಾರು?"

ಮುದುಕರು ತಲೆಗೆ ಸುತ್ತಿದ್ದ ಬೈರಾಸು ವಸ್ತ್ರ ತೆಗೆದು ಕೈಯಲ್ಲಿ ಸುತ್ತುತ್ತಾ ನಿಂತರು. ದಿನಗೂಲಿಯ ಮನುಷ್ಯ. ಅವರ ಹೆಸರು ಬರೆದರೆ ನಾಳೆಯಿಂದ ಬರಬೇಡಿ ಅನ್ನುತ್ತಾರೆ. ಅವರು ನನ್ನ ಕಡೆ ನೋಡಲೂ ಇಲ್ಲ. ನಾಲ್ಕು ವರ್ಷ ಊರವರ ತಪ್ಪು ಬರೆದವಳು ಗುಮಾಸ್ತರ ಎದುರಿಗೆ ಹೋಗಿ ನಿಂತೆ.

"ನಾನು ಹೇಳಿ ಕೊಡಿಸಿದ್ದು. ನನ್ನ ಹೆಸರು ಬರೆಯಿರಿ. ಸಂಘದ್ದಲ್ಲ, ನನ್ನದು."

ಬರೆದರು. ಸಹಿ ಹಾಕಿದೆ. ಟೆಂಪೋದವನು "ಮುಂದಿನ ಸೋಮವಾರ ಬರ್ತೇನೆ" ಎಂದು ಹೋದ.

ಉಡುಪಿಯ ಡಾಕ್ಟರು ರಜೆಯಲ್ಲಿದ್ದರು. ಎಸ್‌ಟಿಡಿ ಬೂತಿನಿಂದ ಕಾರ್ಕಳಕ್ಕೆ ಫೋನು ಮಾಡಿದೆ. ಅಲ್ಲಿಯ ಪಶುವೈದ್ಯರು ಬೈಕಿನಲ್ಲಿ ಹೊರಟೆ ಅಂದರು. ಅವರು ಬರುವ ತನಕ ಮೇಸ್ತ್ರಿ ಮತ್ತು ನಾನು ಸರದಿಯಲ್ಲಿ ಕುದುರೆಯನ್ನು ನಡೆಸಿದೆವು. ನಾನು ಜನ್ಮದಲ್ಲಿ ಕುದುರೆಯ ಹಗ್ಗ ಹಿಡಿದವಳಲ್ಲ. ಅದು ನಿಂತರೆ ಮಲಗುತ್ತದೆಂದು ಹೆದರಿಕೆ, ನಡೆದರೆ ನನ್ನ ಕಾಲು ತುಳಿಯುತ್ತದೆಂದು ಹೆದರಿಕೆ. ಸುತ್ತು ಎಣಿಸಲು ಹೋಗಿ ಮೂವತ್ತರ ನಂತರ ತಪ್ಪಿತು. ಮುದುಕರು ಗೇಟಿನಲ್ಲಿ ನಿಂತು, ಹಲಸಿನ ರೆಚ್ಚೆ ತಂದ ಹೆಂಗಸರನ್ನೆಲ್ಲ ತಿರುಗಿಸಿ ಕಳಿಸಿದರು.

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. ನನಗೆ ಬೈಯಲಿಲ್ಲ. "ಒಣ ಹುಲ್ಲು, ನೀರು. ಅದೂ ಲದ್ದಿ ಹಾಕಿದ ಮೇಲೆ," ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಸಂಜೆ ನಾಲ್ಕೂಕಾಲು ಗಂಟೆಗೆ ಅದು ಬಾಲ ಎತ್ತಿ ಲದ್ದಿ ಹಾಕಿತು. ಮೇಸ್ತ್ರಿ ಬಗ್ಗಿ ನೋಡಿ, "ಉಳೀತು ನೋಡ್ರಿ," ಎಂದು ತನ್ನ ಗೋಡೆಗೆ ಮರಳಿದ. ಬೆಳಗ್ಗೆ ಕಲಸಿದ ಸಿಮೆಂಟು ಗಟ್ಟಿಯಾಗಿತ್ತು. ಅದನ್ನು ಕೆರೆಯುತ್ತಾ ಏನೋ ಗೊಣಗಿದ.

ಬಸ್ಸಿನಲ್ಲಿ ಕೂತರೂ ಕಾಲು ಸುಮ್ಮನಿರಲಿಲ್ಲ. ಸೋಮವಾರಕ್ಕೆ ಏಳು ದಿನ. ಅಷ್ಟರೊಳಗೆ ಅದನ್ನು ನಿಲ್ಲಿಸಿಯೇ ಒಯ್ಯುವ, ಸಾಕುವ ಒಬ್ಬ ಮನುಷ್ಯ ಸಿಗಬೇಕು. ಯಾರನ್ನು ಕೇಳುವುದು? ಉಡುಪಿಯಲ್ಲಿ ಇಳಿದವಳು ಮತ್ತೆ ಬೂತಿಗೆ ಹೋಗಿ, ದೊಡ್ಡಿಯ ಎದುರಿನ ಅಂಗಡಿಗೆ ಫೋನು ಮಾಡಿ ಮುದುಕರನ್ನು ಕರೆಸಿದೆ. "ನಿಂತುಂಟು ಅಕ್ಕ. ನೀವು ಮನೆಗೆ ಹೋಗಿ ಮಾರಾಯ್ರೆ," ಅಂದರು.

ಮನೆಯಲ್ಲಿ ಇವರು ಗ್ಯಾಸ್ ಬುಕ್ ಮಾಡಿರಲಿಲ್ಲ. ಅತ್ತೆಗೆ ನಡೆದದ್ದೆಲ್ಲ ಹೇಳಿದೆ. "ಕುದುರೆ ನಮ್ಮಲ್ಲಿ ಯಾರು ಸಾಕಿದ್ದಾರೆ ಹೇಳು," ಅಂದರು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಅತ್ತೆ ಮಾಡಿದ ಬಂಗುಡೆ ಸಾರು, ಹುರಿದ ಹಪ್ಪಳ. ನಾನು ಎರಡು ತುತ್ತು ಕಡಿಮೆ ಉಂಡೆ. ಮೊದಲು ನಿದ್ದೆ ಹೋದದ್ದು ಇವರು, ಆಮೇಲೆ ಅತ್ತೆ. ನಾನು ಸೋಮವಾರದೊಳಗೆ ಯಾರನ್ನು ಕೇಳುವುದೆಂದು ಲೆಕ್ಕ ಹಾಕುತ್ತಾ ಎಚ್ಚರ ಇದ್ದೆ.